ಮೊದಲ ಕರೆಗೇ ಓಗೊಟ್ಟವರು

ಸಾಹೇಬರ ಕಿವಿಗಳು ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಹುಟ್ಟಿದಾಗಿನಿಂದ ಹಾಗಿರಲಿಲ್ಲ, ಅದು ನಮ್ಮ ಬಿಸಿಲಿನ ಕೆಲಸ. ಪ್ರತಿ ಬೇಸಿಗೆಯಲ್ಲೂ ಅವುಗಳ ಅಂಚು ಸುಲಿದು ಪದರು ಪದರಾಗಿ ಏಳುತ್ತಿತ್ತು. ಹೆಂಡತಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ಈ ಕಡೆ ಆ ಕಡೆ ತಿರುಗಿಸಿ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಇಷ್ಟೆಲ್ಲ ಆರೈಕೆ ಮಾಡಿಸಿಕೊಂಡ ಆ ದೊಡ್ಡ ಕಿವಿಗಳಿಗೆ ಏನೂ ಕೇಳಿಸುತ್ತಿರಲಿಲ್ಲ. ಬಂದ ಹೊಸದರಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸುತ್ತ ಆ ಮಷೀನಿನ ಪಕ್ಕ ವರ್ಷಗಟ್ಟಲೆ ನಿಂತದ್ದರ ಫಲ ಅದು. ಕಿವಿಗೆ ಹಾಕಿಕೊಳ್ಳುವ ಯಂತ್ರ ಒಂದಿತ್ತು, ಆದರೆ ಅದು ಸದಾ ಕರವಸ್ತ್ರದಲ್ಲಿ ಸುತ್ತಿಕೊಂಡು ಅಂಗಿಯ ಜೇಬಿನಲ್ಲಿ ಮಲಗಿರುತ್ತಿತ್ತು. ಹಾಕಿಕೊಂಡರೆ ಊರಿನ ನಾಯಿಗಳೆಲ್ಲ ತಲೆಯೊಳಗೇ ಬೊಗಳುತ್ತವೆ ಎಂಬುದು ಅವರ ದೂರು. ಅವರಿಗೆ ಏನಾದರೂ ಹೇಳಬೇಕೆಂದರೆ ಮೇಜಿನ ಮೇಲಿನ ಪಾಟಿಯಲ್ಲಿ ಬಳಪದಿಂದ ಬರೆದು ತೋರಿಸಬೇಕು.

ಅವರ ಹೆಂಡತಿಯನ್ನು ಎಲ್ಲರೂ ಬಾಯಿ ಎನ್ನುತ್ತಿದ್ದರು. ಮರ್ಯಾದೆಯ ಹೆಣ್ಣುಮಗಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಸಾಹೇಬರಿಗೆ ಕಿವಿ ಇಲ್ಲದಿದ್ದರೇನು, ಬಾಯಿ ಇದ್ದಾರಲ್ಲ ಎಂದು ಕಮಲಾಪುರದ ಸಂತೆಯಲ್ಲಿ ತಮಾಷೆ ಮಾಡುತ್ತಿದ್ದರು. ಯಾರೋ ಇದನ್ನು ಪಾಟಿಯ ಮೇಲೆ ಬರೆದು ಸಾಹೇಬರಿಗೆ ತೋರಿಸಿದರಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನೇ ತಮ್ಮ ದೇಶಕ್ಕೆ ಕಾಗದ ಬರೆದರು. ಅಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ ಎಂದು ಆಮೇಲೆ ಬಹಳ ದಿನ ಬೇಸರಪಟ್ಟುಕೊಂಡಿದ್ದರು.

ಅವರ ದೇಶ ನಾರ್ವೆ. ಬಾಯಿ ನರ್ಸು, ಸಾಹೇಬರು ಪಾದ್ರಿ. ಕಮಲಾಪುರದ ಅಂಚಿನಲ್ಲಿ, ಬಾಳೆತೋಟಗಳು ಶುರುವಾಗುವ ಕಡೆ, ಎರಡು ಕೋಣೆಯ ದವಾಖಾನೆ, ಅದರ ಹಿಂದೆ ಹಂಚಿನ ಒಂದು ಸಣ್ಣ ಪ್ರಾರ್ಥನೆಯ ಮನೆ. ನಾನು ಡಿಗ್ರಿ ಮುಗಿಸಿ ಕಲಬುರಗಿಯ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಅವರಿಗೆ ಕನ್ನಡದಲ್ಲಿ ಕಾಗದ ಪತ್ರ ಬರೆಯಲು, ರೋಗಿಗಳ ಹೆಸರು ಬರೆದಿಡಲು ಒಬ್ಬರು ಬೇಕೆಂದು ಅಪ್ಪನಿಗೆ ತಿಳಿಯಿತು. ಅಪ್ಪ ಅರ್ಧ ಮನಸ್ಸಿನಿಂದ ಒಪ್ಪಿದರು. ಅಜ್ಜಿ ಒಪ್ಪಲಿಲ್ಲ. ನಮ್ಮದು ಮಡಿಯ ಮನೆ. ಬೆಳಗಾದರೆ ತುಳಸಿ, ತೀರ್ಥ, ಅಂಗಾರ ಅಕ್ಷತೆ. ಅಂಥ ಮನೆಯ ಹುಡುಗಿ ಪಾದ್ರಿಯ ಹತ್ತಿರ ನೌಕರಿಗೆ ಹೋಗುವುದೆಂದರೆ ಏನು ಎಂದು ಅಜ್ಜಿ ಎರಡು ದಿನ ಮಾತೇ ಬಿಟ್ಟರು. ಸುದ್ದಿ ಹೇಗೋ ಕಮಲಾಪುರ ಮುಟ್ಟಿ, ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ, ಜಗತ್ ಸರ್ಕಲ್ಲಿನ ಹಿಂದಿನ ನಮ್ಮ ಗಲ್ಲಿ ಹುಡುಕಿಕೊಂಡು, ಅಜ್ಜಿಯ ಅಪ್ಪಣೆ ಕೇಳಲು ತಾವೇ ಬಂದುಬಿಟ್ಟರು.

ಅಜ್ಜಿ ಅವರನ್ನು ಪಡಸಾಲೆ ದಾಟಿ ಒಳಗೆ ಬಿಡಲಿಲ್ಲ. ಆದರೆ ಕುತೂಹಲ ತಡೆಯಲಾಗದೆ ತಾವೇ ಹೊಸ್ತಿಲಿಗೆ ಬಂದು ಕೂತರು.

"ಅಲ್ರೀ, ಅಷ್ಟು ದೂರದಿಂದ ನಮ್ಮ ಈ ಬಿಸಲಾಗ ಯಾಕ್ ಬಂದ್ರಿ?"

"ನಮಗ ಕರೆ ಬಂತು ಅಜ್ಜಿ. ಅದಕ್ಕ ಬಂದ್ವಿ," ಎಂದರು ಬಾಯಿ.

ದೇವರ ಸೇವೆಗೆ ಮನಸ್ಸಾಗುವುದನ್ನು ಅವರ ಜನ ಕರೆ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ. ಅಜ್ಜಿ ಅದನ್ನು ನಿಜವಾದ ದನಿ ಎಂದೇ ತಿಳಿದರು. ಮುಖ ಸಣ್ಣಗಾಯಿತು.

"ಎಷ್ಟು ಸಲ ಕರದ್ರು?"

ಬಾಯಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸಾಹೇಬರ ಕಿವಿಗೆ ಜೇಬಿನ ಯಂತ್ರ ಸಿಕ್ಕಿಸಿ ತಮ್ಮ ಭಾಷೆಯಲ್ಲಿ ಕೂಗಿ ಕೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಚರ್ಚೆ ಮಾಡಿದರು. ಕೊನೆಗೆ ಬಾಯಿ ಒಂದು ಬೆರಳೆತ್ತಿ, "ಒಂದೇ ಸಲ," ಎಂದರು.

ಅಜ್ಜಿ ನನ್ನ ಕಡೆ ತಿರುಗಿ ಮೆಲ್ಲಗೆ, "ಒಂದೇ ಸಲಕ್ಕ ಓ ಅಂದು ಬಂದಾರ. ಇವರು ತಮ್ಮ ಊರಿಗೆ ಹೊಳ್ಳಿ ಹೋಗಂಗಿಲ್ಲ," ಎಂದರು. ಯಾಕೋ ಅದಾದ ಮೇಲೆ ನನ್ನ ನೌಕರಿಗೆ ಅವರು ಅಡ್ಡಿ ಮಾಡಲಿಲ್ಲ. ನೀರು, ಊಟ ಮನೆಯಿಂದಲೇ ಒಯ್ಯಬೇಕು ಎಂದಷ್ಟೇ ಕಟ್ಟು ಹಾಕಿದರು.

ಕರೆ ಎಣಿಸುವುದು ನಮ್ಮ ಮನೆಯ ಕಟ್ಟಳೆ. ಮಟಮಟ ಮಧ್ಯಾಹ್ನ, ಅಥವಾ ದೀಪ ಹಚ್ಚುವ ಹೊತ್ತು, ಕಾಣದ ಕಡೆಯಿಂದ ಯಾರಾದರೂ ಕರೆದರೆ ಓ ಅನ್ನಬಾರದು. ಅಂಥ ಹೊತ್ತಿನಲ್ಲಿ ಸತ್ತವರು ಗುರುತಿನವರ ದನಿ ತೊಟ್ಟುಕೊಂಡು ಬರುತ್ತಾರೆ. ಒಂದು ಸಲ ಕರೆಯುತ್ತಾರೆ, ಎರಡು ಸಲ ಕರೆಯುತ್ತಾರೆ. ಮೂರನೇ ಸಲ ಕರೆಯಬೇಕೆಂದರೆ ಮೈಯಲ್ಲಿ ಉಸಿರು ಬೇಕು, ಅದು ಅವರಿಗಿಲ್ಲ. ಮೂರು ಎಣಿಸಿದ ಮೇಲೆಯೇ ಓ ಅನ್ನಬೇಕು, ಮೊದಲೇ ಅಂದವರು ಆ ದನಿಯ ಹಿಂದೆ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಗೆಳತಿಯರು ಬಾಗಿಲಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು, ನಾನು ಒಳಗೆ ಕೂತು ಎಣಿಸುತ್ತಿದ್ದೆ. ಸಾಹೇಬರಿಗೆ ಇದು ಬಹಳ ಹಿಡಿಸಿತು. ನನ್ನಿಂದ ಪಾಟಿಯ ಮೇಲೆ ಪೂರ್ತಿ ಬರೆಸಿಕೊಂಡು ಓದಿ, ತಮ್ಮ ಸಣ್ಣ ನೋಟುಬುಕ್ಕಿನಲ್ಲಿ ಇಳಿಸಿಕೊಂಡರು.

ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ ಐದು ವರ್ಷ ಅವರ ಜೊತೆ ಇದ್ದೆ. ಬೆಳಗ್ಗೆ ಸಾಹೇಬರು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆ ಹೇಳುತ್ತಿದ್ದರು. ತಮ್ಮ ದನಿ ತಮಗೇ ಕೇಳಿಸದ ಕಾರಣ ಅದು ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತಿತ್ತು, ಬಸ್ಸಿಗೆ ಕಾಯುವವರು ಅದರಿಂದಲೇ ವೇಳೆ ತಿಳಿದುಕೊಳ್ಳುತ್ತಿದ್ದರು. ಇಷ್ಟು ವರ್ಷ ದುಡಿದ ಮೇಲೂ ಭಾನುವಾರ ಪ್ರಾರ್ಥನೆಗೆ ಬರುತ್ತಿದ್ದವರು ಒಂಬತ್ತು ಜನ, ಅದರಲ್ಲಿ ಇಬ್ಬರು ಬಿಸ್ಕತ್ತಿಗೆ ಬರುವವರೆಂದು ಬಾಯಿಯೇ ಹೇಳುತ್ತಿದ್ದರು. ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಬಾಯಿಯನ್ನು ಕೇಳಿದೆ.

"ಕರದವರು ಎಣಿಸು ಅಂತ ಹೇಳಿಲ್ಲ ತಾಂಗಿ. ಇರು ಅಂತ ಹೇಳ್ಯಾರ."

ತಂಗಿ ಎನ್ನುವುದು ಅವರ ನಾಲಿಗೆಯಲ್ಲಿ ತಾಂಗಿ ಆಗುತ್ತಿತ್ತು. ನನ್ನನ್ನು ಜಗತ್ತಿನಲ್ಲಿ ಹಾಗೆ ಕರೆದವರು ಅವರೊಬ್ಬರೇ. ನಿನ್ನ ಧರ್ಮ ಬಿಡು ಎಂದು ಅವರಿಬ್ಬರೂ ಒಂದು ದಿನವೂ ಹೇಳಲಿಲ್ಲ. ಅಜ್ಜಿಯ ಅನುಮಾನ ತೀರಿಸಲು ನಾನೇ ಬಾಯಿಬಿಟ್ಟು ಕೇಳಿದಾಗ, ದೇವರು ಯಾರನ್ನು ಕರೆಯುತ್ತಾನೋ ಅದು ಅವನ ಕೆಲಸ, ತಾನು ಕರೆಯುವುದು ಚಹಾಕ್ಕೆ ಮಾತ್ರ ಎಂದು ಬಾಯಿ ನಕ್ಕರು. ಆ ಚಹಾವನ್ನೂ ನಾನು ಮೂರು ವರ್ಷ ಕುಡಿಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಬದುಕು ಅವರಿಗೆ ಹಗುರವಾಗಿತ್ತೆಂದು ಯಾರೂ ತಿಳಿಯಬಾರದು. ವಯಸ್ಸಾಯಿತು, ವಾಪಸು ಬನ್ನಿ ಎಂದು ಅವರನ್ನು ಕಳಿಸಿದವರಿಂದ ಕಾಗದ ಬಂದಿತ್ತು. ಬಾಯಿಯ ಅಕ್ಕ ಅಲ್ಲಿ ಹಾಸಿಗೆ ಹಿಡಿದಿದ್ದರು, ಬಂದು ಮುಖ ತೋರಿಸು ಎಂದು ಬರೆಸುತ್ತಿದ್ದರು. ಹೋದರೆ ತಿರುಗಿ ಬರಲು ಸರಕಾರದ ಪರವಾನಗಿ ಸಿಗುವ ಭರವಸೆ ಇರಲಿಲ್ಲ, ಹಾಗಾಗಿ ಬಾಯಿ ಹೋಗಲಿಲ್ಲ. ಅಕ್ಕ ತೀರಿಕೊಂಡ ಸುದ್ದಿ ಬಂದ ದಿನ ಅವರು ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಮೊಬೈಲಿನಲ್ಲಿ ಓದಿದರು, ಪಕ್ಕಕ್ಕಿಟ್ಟರು, ಪಟ್ಟಿ ಕಟ್ಟಿ ಮುಗಿಸಿದರು. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ತನ್ನ ಕಾಲು ನೋಡಿ ಅಳುತ್ತಿದ್ದಾರೆಂದು ತಿಳಿದ ಮುದುಕ, ಅಷ್ಟೇನೂ ನೋವಿಲ್ಲ ಬಾಯಿ ಎಂದು ಅವರನ್ನೇ ಸಮಾಧಾನ ಮಾಡಿದ.

ಯಾರು ಕರೆದರೂ ಬಾಯಿ ಮೊದಲ ಸಲಕ್ಕೇ ಓ ಅನ್ನುತ್ತಿದ್ದರು. ಊಟದ ತಟ್ಟೆ ಬಿಟ್ಟು, ಕೆಲವೊಮ್ಮೆ ಚಪ್ಪಲಿಯನ್ನೂ ಬಿಟ್ಟು ಓಡುತ್ತಿದ್ದರು. ಅವರ ದೇಶದಲ್ಲಿ ಬೇಸಿಗೆಗೆ ಸೂರ್ಯನೇ ಮುಳುಗುವುದಿಲ್ಲವಂತೆ, ಹಾಗಾಗಿ ನಮ್ಮ ಮಧ್ಯಾಹ್ನದ ಹೆದರಿಕೆ ಅವರಿಗೆ ಗೊತ್ತೇ ಇರಲಿಲ್ಲ. ಕೊನೆಯ ಬೇಸಿಗೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಹನ್ನೆರಡು ಹೊಡೆದ ಮೇಲೆ, ಊರೆಲ್ಲ ಬಾಗಿಲು ಹಾಕಿಕೊಂಡು ಒಂದು ಕಾಗೆಯೂ ಹಾರದ ಹೊತ್ತಿನಲ್ಲಿ, ಬಾಯಿ ಇದ್ದಕ್ಕಿದ್ದಂತೆ ತಲೆಯೆತ್ತಿ ಓ ಎಂದು ಎದ್ದು ಹೋಗುತ್ತಿದ್ದರು. ನನಗೆ ಏನೂ ಕೇಳಿಸಿರುತ್ತಿರಲಿಲ್ಲ. ಅಂಗಳದ ನಡುವೆ ಬಿಸಿಲಲ್ಲಿ ನಿಂತು ಸುತ್ತ ನೋಡಿ, ಯಾರೂ ಇಲ್ಲ ಎಂದು ನಗುತ್ತ ವಾಪಸು ಬರುತ್ತಿದ್ದರು. ಮೂರನೆಯ ಸಲ ಹೀಗಾದಾಗ ನಾನು ಅವರ ಕೈ ಹಿಡಿದುಕೊಂಡೆ.

"ಹಂಗ ಓ ಅನಬ್ಯಾಡ್ರಿ ಬಾಯಿ. ಮೂರು ಸಲ ಕರೀಲಿ, ಆಮ್ಯಾಲ ಹೋಗ್ರಿ."

ಅವರು ಯೋಚಿಸಿದರು. ನನ್ನ ಮಾತನ್ನು ಅವರು ಯಾವತ್ತೂ ಹಗುರವಾಗಿ ತೆಗೆದುಕೊಂಡವರಲ್ಲ.

"ಯಾರೋ ಖರೇನ ಕರದಿದ್ರ? ನಾನು ಮೂರು ಎಣಸೂತನಕ ಅವರು ಸತ್ತುಹೋದ್ರ?"

ಮನೆಯಲ್ಲಿ ಕಲಿತದ್ದು ಉತ್ತರವಿಲ್ಲ ಎಂದ ಮಾತ್ರಕ್ಕೆ ಮೈಬಿಟ್ಟು ಹೋಗುವುದಿಲ್ಲ.

ಅದೇ ಮೇ ತಿಂಗಳು. ಬಾಯಿ ಮೊದಲ ಬಸ್ಸಿಗೆ ಕಲಬುರಗಿಗೆ ಹೋದರು. ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಔಷಧಿ, ಪಟ್ಟಿ ಬಟ್ಟೆ ತೆಗೆದುಕೊಂಡು ನಾಲ್ಕರ ಬಸ್ಸಿಗೆ ಬರುತ್ತೇನೆ ಎಂದಿದ್ದರು. ಮೊಬೈಲು ಮೇಜಿನ ಮೇಲೆ ಚಾರ್ಜಿಗೆ ಇಟ್ಟದ್ದನ್ನು ಅಲ್ಲೇ ಮರೆತಿದ್ದರು. ಸಾಹೇಬರು ಹಿತ್ತಲಲ್ಲಿ ಕೈಪಂಪು ಬಿಚ್ಚಿಕೊಂಡು ಕೂತಿದ್ದರು. ರೋಗಿಗಳು ಹೋದ ಮೇಲೆ ನಾನು ಬಾಗಿಲು ಹಾಕಿ, ಡಬ್ಬಿ ಬಿಚ್ಚಿದೆ. ಕರೆಂಟು ಹೋಗಿತ್ತು. ಫ್ಯಾನು ನಿಂತ ಮೇಲೆ ಇಷ್ಟು ಮೌನ ಈ ಲೋಕದಲ್ಲಿತ್ತೇ ಅನ್ನಿಸಿತು.

"ತಾಂಗೀ."

ಬಾಯಿಯ ದನಿಯೇ, ಆದರೆ ಬಹಳ ತೆಳ್ಳಗೆ. ಬಸ್ ಸ್ಟ್ಯಾಂಡಿನ ಕಡೆಯಿಂದಲ್ಲ, ಅದಕ್ಕೆ ಎದುರು ದಿಕ್ಕಿನ ಬಾಳೆತೋಟದಿಂದ. ಬಾಯಿ ಕಲಬುರಗಿಯಲ್ಲಿದ್ದಾರೆ. ಅವರ ಮೊಬೈಲು ನನ್ನ ಕಣ್ಣೆದುರಿಗೇ ಇದೆ. ನಾನು ಉಸಿರು ಬಿಗಿಹಿಡಿದು ಒಂದು ಎಂದು ಎಣಿಸಿದೆ. ಎಷ್ಟೋ ಹೊತ್ತಾದ ಮೇಲೆ ಮತ್ತೊಮ್ಮೆ ಬಂತು, ಮೊದಲಿಗಿಂತ ಸಣ್ಣದಾಗಿ.

"ತಾಂಗೀ."

ಎರಡು. ಮೂರನೆಯದಕ್ಕೆ ಕಾದೆ. ಆಣೆ ಮಾಡಿ ಹೇಳುತ್ತೇನೆ, ತುಟಿ ತೆರೆದುಕೊಂಡೇ ಕಾದೆ. ಅದು ಬರಲಿಲ್ಲ. ಬರದೇ ಹೋದಾಗ, ಗೆದ್ದೆ ಅನ್ನಿಸಿತು. ಅಜ್ಜಿ ಹೇಳಿದ್ದು ನಿಜವಾಯಿತು, ನಾನು ಪಾರಾದೆ ಎಂದುಕೊಂಡು, ಮೊಸರನ್ನ ಕಲಸಿ ಊಟ ಮಾಡಿದೆ. ಹೌದು, ಪೂರ್ತಿ ಊಟ ಮಾಡಿದೆ.

ನಾಲ್ಕರ ಬಸ್ಸಿನಿಂದ ಬಾಯಿ ಇಳಿಯಲಿಲ್ಲ. ಅಷ್ಟರಲ್ಲಿ ತೋಟ ನೋಡಿಕೊಳ್ಳುವ ಚಾಚಾ ಓಡುತ್ತ ಬಂದರು. "ಬಾಯಿ ಬಿದ್ದಾರ ಬೇಟಾ, ನಮ್ಮ ಕಾಲುವಿ ಬಾಜೂಕ. ಜಲ್ದಿ ಬಾ," ಎಂದರು. ಔಷಧಿ ಬೇಗ ಸಿಕ್ಕಿದ್ದರಿಂದ ಬಾಯಿ ಬಸ್ಸಿಗೆ ಕಾಯದೆ ಒಂದು ಕ್ರೂಸರ್ ಗಾಡಿ ಹತ್ತಿದ್ದರು. ಅದು ಅವರನ್ನು ತೋಟದ ಆಚೆಯ ತಿರುವಿನಲ್ಲಿ ಇಳಿಸಿತ್ತು. ಅಡ್ಡದಾರಿ ಹಿಡಿದು ಬರುವಾಗ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದರು. ಬಿದ್ದ ಜಾಗದಿಂದ ನನ್ನ ಬಾಗಿಲಿಗೆ ನೂರು ಹೆಜ್ಜೆ. ತೆವಳಿಕೊಂಡು ಬರಲು ನೋಡಿದ ಗುರುತು ಕೆಂಪು ಮಣ್ಣಿನಲ್ಲಿ ಹಾಗೆಯೇ ಇತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ದಿನ ಉಸಿರಾಡಿದರು, ಮಾತಾಡಲಿಲ್ಲ. ಒಂದು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಪ್ರಾರ್ಥನೆಯ ಮನೆಯ ಹಿಂದೆ ಅವರನ್ನು ಮಣ್ಣು ಮಾಡಿದರು. ಒಂಬತ್ತು ಜನ ಹಾಡಬೇಕಾದ ಹಾಡಿಗೆ ಅಂದು ಅರ್ಧ ಕಮಲಾಪುರ ನಿಂತಿತ್ತು. ಪದ ಗೊತ್ತಿಲ್ಲದವರು ಸುಮ್ಮನೆ ಬಾಯಿ ಆಡಿಸಿದರು.

ಎರಡು ತಿಂಗಳು ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಸಾಹೇಬರ ಮುಂದೆ ಪಾಟಿ ಎಳೆದುಕೊಂಡು ಬರೆದೆ: ಅಂದು ಬಾಯಿ ನನ್ನನ್ನು ಕರೆದರು, ನನಗೆ ಕೇಳಿಸಿತು, ನಾನು ಓ ಅನ್ನಲಿಲ್ಲ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಊರಿಗೆಲ್ಲ ಕೇಳಿಸುವಂತೆ ಮಾತಾಡುವ ಆ ಮನುಷ್ಯ ಅಂದು ಮೊದಲ ಸಲ ಪಿಸುಮಾತಿನಲ್ಲಿ ಕೇಳಿದರು.

"ಎಷ್ಟು ಸಲ?"

ಎರಡು ಬೆರಳು ತೋರಿಸಿದೆ. ಅವರು ನನ್ನನ್ನು ಬೈಯಲಿ, ಹೊರಗೆ ಹಾಕಲಿ ಎಂದು ಎಷ್ಟು ಬಯಸಿದೆ. ಅವರು ಅಂಗಿಯ ತೋಳಿನಿಂದ ಪಾಟಿ ಒರೆಸಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

"ಆಕಿಗೆ ಗೊತ್ತಿತ್ತು, ನನ್ನ ಕರದ್ರ ನನಗ ಕೇಳಂಗಿಲ್ಲ. ಅದಕ್ಕ ನಿನ್ನ ಕರದಾಳ," ಎಂದರು. ಆಮೇಲೆ ಪಾಟಿಯನ್ನು ನನ್ನ ಕಡೆ ಸರಿಸಿ, "ನಿಮ್ಮ ಅಜ್ಜಿ ಮೂರು ಅಂದಿದ್ರು. ಇನ್ನೊಂದು ಬರೂದದ," ಎಂದರು.

ಕ್ಷಮಿಸಿದರೋ ಹೆದರಿಸಿದರೋ ನನಗೆ ತಿಳಿಯಲಿಲ್ಲ. ನೌಕರಿ ಬಿಡಲು ಮನಸ್ಸಾಯಿತು, ಆದರೆ ಬಿಟ್ಟು ಹೋಗುವ ಮುಖವೂ ನನಗಿರಲಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ಯುತ್ತಿದ್ದೆ. ಸಾಹೇಬರು ಇದನ್ನು ಗಮನಿಸಿರಬೇಕು. ಒಂದು ದಿನ ಹನ್ನೆರಡಕ್ಕೆ ಸ್ಟೂಲು ಎತ್ತಿಕೊಂಡು ಬಂದು, ನನಗೂ ಬಾಗಿಲಿಗೂ ನಡುವೆ ಹಾಕಿಕೊಂಡು ಕೂತರು. ಮರುದಿನವೂ ಬಂದರು. ಆಮೇಲೆ ಅದೇ ರೂಢಿಯಾಯಿತು. ಬಾಗಿಲಿಗೆ ಬೆನ್ನು, ನನಗೆ ಮುಖ. ಕಿವಿ ಕೇಳಿಸದವರು ಎಂಥ ಕಾವಲು ಕಾಯುತ್ತಾರೆ ಎಂದು ನನಗೆ ಒಳಗೊಳಗೇ ನಗು ಬಂದದ್ದೂ ಉಂಟು. ಪುಸ್ತಕ ಓದುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. ಎರಡು ತಾಸು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದರು. ಕೆಲವು ದಿನ ಅದು ಆ ದನಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಏನು ನೋಡುತ್ತೀರಿ ಎಂದು ಪಾಟಿಯಲ್ಲಿ ಬರೆದು ಕೇಳಿದೆ.

"ನನಗ ಕೇಳಂಗಿಲ್ಲಲ್ಲ. ನಿನಗ ಕೇಳಿಸಿದ್ದು ನಿನ್ನ ಮುಖದ ಮ್ಯಾಲ ಕಾಣಸ್ತದ," ಎಂದರು.

ದೀಪಾವಳಿ ಕಳೆದಿತ್ತು. ಬಿಸಿಲು ಹಿತವಾಗಿತ್ತು, ತೋಟದಿಂದ ತಂಗಾಳಿ ಬರುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಹೆದರುವಂಥದ್ದು ಒಂದೂ ಇರದ ಮಧ್ಯಾಹ್ನ ಅದು. ನಾನು ರೋಗಿಗಳ ಹೆಸರು ಬರೆಯುತ್ತಿದ್ದೆ.

"ತಾಂಗೀ."

ತೆಳ್ಳಗಿನ ದನಿಯಲ್ಲ. ಬಾಗಿಲ ಆಚೆ ನಿಂತು ಚಹಾಕ್ಕೆ ಕರೆಯುವ, ಆರೋಗ್ಯವಂತ, ಗಟ್ಟಿಯಾದ ದನಿ. ಅದು ನನ್ನ ಮನಸ್ಸಿನ ಕಲ್ಪನೆ ಎಂದು ಹೇಳುವವರು ಹೇಳಲಿ, ನಾನು ವಾದ ಮಾಡುವುದಿಲ್ಲ. ಪೆನ್ನು ಕೆಳಗಿಟ್ಟೆ. ಈ ಸಲ ಹೋಗಿಯೇ ಬಿಡುತ್ತೇನೆ ಎಂಬ ನಿಶ್ಚಯ ನನ್ನಲ್ಲಿ ತಿಂಗಳುಗಳಿಂದ ಗಟ್ಟಿಯಾಗಿತ್ತು. ಬಾಯಿ ತೆರೆದೆ.

ಸಾಹೇಬರು ಅಂಗೈ ಎತ್ತಿ ನನ್ನನ್ನು ತಡೆದರು. ರಸ್ತೆ ದಾಟುವ ಮಗುವನ್ನು ತಡೆಯುವ ಹಾಗೆ ಇತ್ತು ಅದು. ನನ್ನ ಮುಖದಲ್ಲಿ ಏನು ಕಂಡರೋ ಅವರಿಗೇ ಗೊತ್ತು. ಆಮೇಲೆ ಬಾಗಿಲ ಕಡೆ ತಿರುಗಿ, ಇಡೀ ಊರಿಗೆ ಕೇಳಿಸುವ ತಮ್ಮ ಹಳೆಯ ದನಿಯಲ್ಲಿ ಹೇಳಿದರು.

"ಓ. ಬಂದೆ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಾಗಿಲು ತೆರೆದು ಹೊರಗೆ ಹೋದರು. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವರು ತೋಟದೊಳಗೆ ಮರೆಯಾಗಿದ್ದರು. ಓಡಿದೆ. ಕಾಲುವೆಯ ಪಕ್ಕ, ಬಾಯಿ ಬಿದ್ದಿದ್ದ ಜಾಗದಲ್ಲಿ, ಅವರು ಕಾಲು ಚಾಚಿಕೊಂಡು ಕೂತಿದ್ದರು. ಸುಸ್ತಾಗಿ ಕೂತವರ ಹಾಗೆ ತಲೆ ಎದೆಯ ಮೇಲೆ ಬಾಗಿತ್ತು. ಕೂಗಿದೆ, ಭುಜ ಹಿಡಿದು ಅಲುಗಿಸಿದೆ. ಹೋಗಿಬಿಟ್ಟಿದ್ದರು. ಹೃದಯ ನಿಂತಿತು, ವಯಸ್ಸಾಗಿತ್ತು, ಪುಣ್ಯದ ಸಾವು ಎಂದರು ಬಂದವರೆಲ್ಲ. ಬಾಯಿಯ ಪಕ್ಕದಲ್ಲೇ ಅವರನ್ನೂ ಮಲಗಿಸಿದರು.

ಅಂದು ಸಂಜೆ ಮನೆಗೆ ಬಂದು, ದನಿ ಬಂದದ್ದು, ಸಾಹೇಬರು ಓ ಎಂದದ್ದು ಅಜ್ಜಿಗೆ ಹೇಳಿದೆ. ಮಡಿಯುಟ್ಟಿದ್ದ ಅಜ್ಜಿ, ಮಣ್ಣಿಗೆ ಹೋಗಿ ಬಂದ ನನ್ನನ್ನು ಸ್ನಾನಕ್ಕೂ ಕಳಿಸದೆ ಎದೆಗೆ ಒತ್ತಿಕೊಂಡರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾರ ಹೆಸರಿಗೆ ಬಂದಿತ್ತ ಅದು?"

ಬಾಯಿ ತಮ್ಮ ಗಂಡನನ್ನು ಕರೆಯುತ್ತಿದ್ದದ್ದು ಅವರ ಭಾಷೆಯ ಬೇರೆ ಒಂದು ಹೆಸರಿನಿಂದ.

ಈಗ ನಾನು ಕಲಬುರಗಿಯಲ್ಲೇ ಒಂದು ಆಫೀಸಿನಲ್ಲಿದ್ದೇನೆ. ಆಮೇಲೆ ಆ ದನಿ ಬಂದಿಲ್ಲ. ಮಧ್ಯಾಹ್ನ ಎಲ್ಲರ ಜೊತೆ ಡಬ್ಬಿ ಬಿಚ್ಚುತ್ತೇನೆ, ಉಪ್ಪು ಕಡಿಮೆಯಾದರೆ ಗೊಣಗುತ್ತೇನೆ, ಸಣ್ಣಪುಟ್ಟ ವಿಷಯಕ್ಕೆ ಜಗಳವಾಡುತ್ತೇನೆ. ಇಂಥ ಸಾಧಾರಣ ದಿನಗಳು ನನಗೆ ಎಷ್ಟೊಂದು ಸಿಕ್ಕಿವೆ. ಅವು ನನ್ನವಲ್ಲ ಎಂಬುದು ನನಗೆ ಗೊತ್ತಿದೆ. ಅಂದು ಕರೆದದ್ದು ನನ್ನನ್ನು. ಓ ಎಂದವರು ಅವರು.